ಅವ್ವನನ್ನು ಗಲಿಲಾಯಕ್ಕೆ ಕರೆದುಕೊಂಡು ಹೋಗಬೇಕು. ಹತ್ತು ದಿನದಲ್ಲಿ ಮೂರು ದೇಶ ಆಗುತ್ತದಾ?

ನವನಗರದ ಮಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಯೆರೂಸಲೇಮಿಗೆ ಹೋಗಿ ಬಂದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಐದು ಜನ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು (12 ಮತ್ತು 8 ವರ್ಷ), ನಮ್ಮ ಅವ್ವ. ಅವ್ವನಿಗೆ 72. ಗುಳೇದಗುಡ್ಡದಲ್ಲಿ ಟೀಚರ್ ಆಗಿದ್ದರು. ನಲವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ್ದಾರೆ. ಅವರ ಕೈಯಲ್ಲಿ ಕಲಿತವರಿಗೆಲ್ಲ ಆ ನಕ್ಷೆ ನೆನಪಿರುತ್ತದೆ. ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಮೊದಲು ಒಂದು ಚಿಕ್ಕ ಮಾವಿನಕಾಯಿ ಬರೆಯುತ್ತಿದ್ದರು, ಅದು ಗಲಿಲಾಯ ಸಮುದ್ರ. ಅಲ್ಲಿಂದ ಕೆಳಕ್ಕೆ ಸೊಟ್ಟಗೆ ಒಂದು ದಾರ, ಅದು ಯೊರ್ದನ್ ಹೊಳೆ. ದಾರದ ತುದಿಗೆ ಉದ್ದ ಬದನೆಕಾಯಿ, ಅದು ಲವಣಸಮುದ್ರ (ಮೃತ ಸಮುದ್ರ). ಪುಸ್ತಕ ನೋಡದೆ ಬರೆಯುತ್ತಿದ್ದರು.

ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಅವರು ಹೋದ ಮೇಲೆ ಕಪಾಟಿನಲ್ಲಿ ಒಂದು ಖಾಕಿ ಲಕೋಟೆ ಸಿಕ್ಕಿತು. ಒಳಗೆ ಇಬ್ಬರ ಹೆಸರಿನಲ್ಲೂ ಇಟ್ಟಿದ್ದ ಎಫ್‌ಡಿ ಪತ್ರ. ಮೇಲೆ ಅಪ್ಪನ ಕೈಬರಹದಲ್ಲಿ ಒಂದೇ ಪದ: ಯೆರೂಸಲೇಮ್. ಅವ್ವನಿಗೆ ಹೇಳಿರಲೇ ಇಲ್ಲ.

ಈಗ ಮುಂಬೈನ ಒಬ್ಬ ಏಜೆಂಟ್ ಪ್ಯಾಕೇಜ್ ಕಳಿಸಿದ್ದಾರೆ. 10 ದಿನ, ಜೋರ್ಡಾನ್, ಇಸ್ರೇಲ್, ಈಜಿಪ್ಟ್. ನಾಲ್ಕನೇ ದಿನದ ಪಟ್ಟಿ ನೋಡಿ: ಬೆಳಿಗ್ಗೆ ನಜರೇತ್, ಆಮೇಲೆ ಕಾನಾ, ಮಧ್ಯಾಹ್ನ ದೋಣಿ, ಕೆರೆ ದಡದ ಕಪೆರ್ನೌಮ್, ಸಂಜೆ ಯೊರ್ದನ್. ಅವ್ವನಿಗೆ ಮೊಣಕಾಲು ನೋವಿದೆ. ಬಿಪಿ ಮಾತ್ರೆಯೂ ಇದೆ. ಇದೆಲ್ಲ ಅವರಿಂದ ಆಗುತ್ತದಾ? ಯುದ್ಧದ ಭಯ ಬೇರೆ. ಹೋಗುವುದೋ, ಕಾಯುವುದೋ? ತಿಳಿದವರು ಹೇಳಿ.

ಟಿಳಕವಾಡಿ ಹುಡುಗ

ಈಗ ಬೇಡ ಸರ್. ಸಣ್ಣ ಮಕ್ಕಳು, ವಯಸ್ಸಾದವರು. ಸುಮ್ನೆ ಯಾಕೆ ರಿಸ್ಕ್?

ಖಾನಾಪುರದ ಅಕ್ಕ

ನಾನು ಇಸ್ರೇಲಿನ ಹೈಫಾದಲ್ಲಿ ಏಳು ವರ್ಷ ಕೇರ್‌ಗಿವರ್ ಆಗಿದ್ದೆ. ವಯಸ್ಸಾದ ಒಬ್ಬ ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ. ರಜೆ ಸಿಕ್ಕಾಗೆಲ್ಲ ಬಸ್ ಹತ್ತಿ ಈ ಜಾಗಗಳಿಗೆ ಹೋಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ತಮ್ಮಾ, ಮೊದಲು ಈಜಿಪ್ಟ್ ತೆಗೆದುಹಾಕಿ. ಅಲ್ಲಿ ತೋರಿಸುವ ಸೀನಾಯಿ ಬೆಟ್ಟ, ಮೋಶೆಗೆ ಹತ್ತು ಆಜ್ಞೆ ಸಿಕ್ಕ ಬೆಟ್ಟ, ಅಂದರೆ 2,285 ಮೀಟರ್. ಸೂರ್ಯೋದಯ ನೋಡಲು ಮಧ್ಯರಾತ್ರಿ ಎಬ್ಬಿಸಿ ಕತ್ತಲಲ್ಲಿ ಹತ್ತಿಸುತ್ತಾರೆ. ಸ್ವಲ್ಪ ದೂರ ಒಂಟೆ ಸಿಗುತ್ತದೆ. ಕೊನೆಯ 750 ಮೆಟ್ಟಿಲು ಮಾತ್ರ ಎಲ್ಲರೂ ಕಾಲಲ್ಲೇ ಹತ್ತಬೇಕು. ನಿಮ್ಮ ಅವ್ವ ಕೆಳಗೆ ಬಸ್ಸಿನಲ್ಲಿ ಒಬ್ಬರೇ ಕೂರಬೇಕಾಗುತ್ತದೆ. ಗುಂಪಿನಲ್ಲಿ ಹಾಗೆ ಕೂತ ಅಜ್ಜಿಯರನ್ನು ನಾನು ನೋಡಿದ್ದೇನೆ. ಭಾಳ ಬೇಜಾರಾಗುತ್ತದೆ.

ಗಲಿಲಾಯದ ಕಡೆ ಕಾಲಿಗೆ ಅಷ್ಟು ಕಷ್ಟ ಇಲ್ಲ. ಕಪೆರ್ನೌಮ್ ಸಮತಟ್ಟು. ಯೇಸು ಬೆಟ್ಟದ ಮೇಲೆ ಬೋಧಿಸಿದರು ಅನ್ನುವ ಜಾಗಕ್ಕೆ ಬಸ್ ಮೇಲಿನವರೆಗೂ ಹೋಗುತ್ತದೆ. ಆ ಗುಡ್ಡದಿಂದ ಸರೋವರ ಪೂರ್ತಿ ಕಾಣುತ್ತದೆ. ಸಮುದ್ರ ಅಂತ ಹೆಸರು ಅಷ್ಟೇ, ಅದು ಸಿಹಿನೀರಿನ ಕೆರೆ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಆಲಮಟ್ಟಿ ಹಿನ್ನೀರು ನೋಡಿ ಬೆಳೆದವರಿಗೆ ದೊಡ್ಡದು ಅನಿಸುವುದಿಲ್ಲ. ಆಚೆ ದಡ ಕಣ್ಣಿಗೆ ಕಾಣುತ್ತದೆ.

ಕಷ್ಟ ಇರುವುದು ಯೆರೂಸಲೇಮಿನ ಹಳೆ ಪಟ್ಟಣದಲ್ಲಿ. ಕಲ್ಲು ಹಾಸಿನ ಇಕ್ಕಟ್ಟು ಓಣಿಗಳು, ಅಲ್ಲಲ್ಲಿ ಮೆಟ್ಟಿಲು. ಸಾವಿರಾರು ಕಾಲು ಓಡಾಡಿ ಕಲ್ಲು ನುಣ್ಣಗಾಗಿದೆ, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ, ರಬ್ಬರ್ ತಳದ ಬೂಟು ಕೊಡಿಸಿ. ಎಣ್ಣೆಮರಗಳ ಗುಡ್ಡದಿಂದ ಕೆಳಗಿನ ಗೆತ್ಸೇಮನೆ ತೋಟಕ್ಕೆ ನಡೆಸಿ ಇಳಿಸುತ್ತಾರೆ. ಆ ಇಳಿಜಾರು ಮೊಣಕಾಲಿಗೆ ವೈರಿ. ಅವ್ವನನ್ನು ಬಸ್ಸಿನಲ್ಲೇ ಕೆಳಗೆ ಇಳಿಸಿ ಅಂತ ಮೊದಲೇ ಬರೆಸಿಕೊಳ್ಳಿ.

ಇನ್ನೊಂದು ಮಾತು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಯೆಹೂದ್ಯರ ಸಬ್ಬತ್. ಯೆರೂಸಲೇಮಿನಲ್ಲಿ ಆಗ ಟ್ರಾಮ್, ಹೆಚ್ಚಿನ ಬಸ್ಸುಗಳು ಓಡಲ್ಲ. ಅವ್ವನ ಔಷಧಿ, ಮಕ್ಕಳ ತಿಂಡಿ ಎಲ್ಲ ಶುಕ್ರವಾರ ಮಧ್ಯಾಹ್ನದ ಒಳಗೆ ತಂದಿಟ್ಟುಕೊಳ್ಳಬೇಕು.

ಕ್ಯಾಂಪ್ ನಿವಾಸಿ, ಬೆಳಗಾವಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾವು 2019ರಲ್ಲಿ ನಮ್ಮ ಫಾದರ್ ಜೊತೆ ಗುಂಪಿನಲ್ಲಿ ಹೋಗಿದ್ದೆವು. ಯೇಸು ಹುಟ್ಟಿದ ಬೆತ್ಲೆಹೇಮಿನ ದೇವಾಲಯದ ಬಾಗಿಲು ಸುಮಾರು 1.2 ಮೀಟರ್ ಎತ್ತರ ಅಷ್ಟೇ, ಎಂಥವರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮೊಣಕಾಲು ನೋವಿದ್ದವರಿಗೆ ಅಲ್ಲಿ ಕಷ್ಟ ಬಾಗಿಲಲ್ಲ. ಗವಿಗೆ ಇಳಿಯುವ ಕಡಿದಾದ ಮೆಟ್ಟಿಲು, ಹಿಂದಿನಿಂದ ತಳ್ಳುವ ಜನ. ಮುಂದೆ ಒಬ್ಬರು, ಹಿಂದೆ ಒಬ್ಬರು ನಿಂತು ಇಳಿಸಿ. ಕೆಳಗೆ ನೆಲದಲ್ಲಿ 14 ಮೂಲೆಯ ಬೆಳ್ಳಿ ನಕ್ಷತ್ರ ಇದೆ, ಅದನ್ನು ಮುಟ್ಟಲು ಮಂಡಿ ಊರಬೇಕು. ಅವ್ವ ಊರದಿದ್ದರೂ ಪರವಾಗಿಲ್ಲ, ಮೊಮ್ಮಕ್ಕಳು ಅವರ ಪರವಾಗಿ ಮುಟ್ಟಲಿ.

ಕಾನಾದ ಬಗ್ಗೆ ಒಂದು ಹೇಳಲೇಬೇಕು. ಯೇಸು ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಊರು ಅದು. ಅಲ್ಲಿ ಗಂಡ ಹೆಂಡತಿ ಜೋಡಿಯಾಗಿ ನಿಂತು ಮದುವೆಯ ಪ್ರಮಾಣವನ್ನು ಮತ್ತೆ ಹೇಳುತ್ತಾರೆ. ನಮ್ಮ ಗುಂಪಿನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಅಮ್ಮ ಇದ್ದರು. ಅವರು ಹಿಂದಿನ ಬೆಂಚಿಗೆ ಹೋಗಲು ಎದ್ದರು. ಫಾದರ್ ಅವರನ್ನು ಮುಂದಕ್ಕೆ ಕರೆದರು. ಆ ಅಮ್ಮ ಪರ್ಸಿನಿಂದ ಗಂಡನ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಅಂಗೈಯಲ್ಲಿ ಹಿಡಿದು ಪ್ರಮಾಣ ಹೇಳಿದರು. ನಾವು ಯಾರೂ ಆಮೇಲೆ ಬಸ್ಸಿನಲ್ಲಿ ಮಾತಾಡಲಿಲ್ಲ. ನೀವು ಅಪ್ಪನ ಫೋಟೋ ಮರೆಯದೆ ಒಯ್ಯಿರಿ.

ನವನಗರದ ಮಗ

ಇದನ್ನು ಓದಿ ನನ್ನ ಹೆಂಡತಿ ಅತ್ತುಬಿಟ್ಟಳು. ಖಂಡಿತ ಒಯ್ಯುತ್ತೇವೆ.

ಗುಮ್ಮಟದ ನೆರಳು, ವಿಜಯಪುರ

ನಾನು ಮುಸಲ್ಮಾನ. 2018ರಲ್ಲಿ ಅಬ್ಬಾ, ಅಮ್ಮಿಯನ್ನು ಹಜ್‌ಗೆ ಕರೆದುಕೊಂಡು ಹೋಗಿದ್ದೆ. ಜಾಗ ಬೇರೆ, ತಾಯಿಯ ಮೊಣಕಾಲು ಒಂದೇ ಅಲ್ವಾ? ಅದಕ್ಕೆ ಬರೆಯುತ್ತಿದ್ದೇನೆ.

ಮೂರು ತಿಂಗಳು ಮೊದಲೇ ದಿನಾ ನಡೆಸಲು ಶುರು ಮಾಡಿ. ನಾವು ಅಮ್ಮಿಯನ್ನು ಸಂಜೆ ಗೋಳಗುಮ್ಮಟದ ತೋಟದಲ್ಲಿ ನಡೆಸುತ್ತಿದ್ದೆವು. ಮೊದಲ ವಾರ ಒಂದು ಸುತ್ತು, ಆಮೇಲೆ ಎರಡು. ಹೊಸ ಬೂಟನ್ನು ಇಲ್ಲೇ ಹಾಕಿಸಿ ಪಳಗಿಸಿ, ಅಲ್ಲಿಗೆ ಹೋಗಿ ಹೊಸದು ಹಾಕಬೇಡಿ. ಮಾತ್ರೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲು ಕೈಚೀಲದಲ್ಲಿ, ಡಾಕ್ಟರ ಚೀಟಿಯ ಜೊತೆ. ಮಕ್ಕಳ ಮತ್ತು ಅವ್ವನ ಕೊರಳಲ್ಲಿ ಹೋಟೆಲ್ ಹೆಸರು, ನಿಮ್ಮ ಫೋನ್ ನಂಬರ್ ಇರುವ ಕಾರ್ಡ್ ಇರಲಿ. ಜನಸಂದಣಿಯಲ್ಲಿ ಕೈ ತಪ್ಪಲು ಒಂದು ನಿಮಿಷ ಸಾಕು.

ಯೆರೂಸಲೇಮಿನಲ್ಲಿ ಹೆರೋದನ ಬಾಗಿಲ ಹತ್ತಿರ ನಮ್ಮ ಹಿಂದೂಸ್ತಾನದ ಒಂದು ಮುಸಾಫಿರಖಾನೆ ಇದೆ. ಸೂಫಿ ಸಂತ ಬಾಬಾ ಫರೀದ್ ಅಲ್ಲಿ ತಂಗಿದ್ದರು ಅನ್ನುತ್ತಾರೆ, ಎಂಟುನೂರು ವರ್ಷದ ನಂಟು. 1924ರಿಂದ ಉತ್ತರ ಪ್ರದೇಶ ಮೂಲದ ಒಂದೇ ಮನೆತನ ಅದನ್ನು ನೋಡಿಕೊಳ್ಳುತ್ತಿದೆ. ಯೇಸುವಿನ ಸಮಾಧಿ ಇರುವ ದೇವಾಲಯದ ಬೀಗದ ಕೈ ಕೂಡ ನೂರಾರು ವರ್ಷಗಳಿಂದ ಎರಡು ಮುಸ್ಲಿಂ ಮನೆತನಗಳ ಹತ್ತಿರ ಇದೆ. ಮಕ್ಕಳಿಗೆ ಇದನ್ನು ಹೇಳಿ ಕರೆದುಕೊಂಡು ಹೋಗಿ.

ಜಮಖಂಡಿ ಸಹೋದರ

ಎಲ್ಲರೂ ಬೂಟು, ಬಸ್ಸು ಅಂತ ಮಾತಾಡುತ್ತಿದ್ದೀರಿ. ಹೋಗಬೇಕಾ ಅನ್ನುವ ಪ್ರಶ್ನೆಯನ್ನೇ ಯಾರೂ ಕೇಳುತ್ತಿಲ್ಲ. ಯೋಹಾನನ ಸುವಾರ್ತೆ 4ನೇ ಅಧ್ಯಾಯ ತೆಗೆಯಿರಿ. ಸಮಾರ್ಯದ ಹೆಂಗಸಿಗೆ ಯೇಸು ಹೇಳಿದ್ದು ಏನು? ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ, ತಂದೆಯನ್ನು ಆತ್ಮದಿಂದ ಆರಾಧಿಸುವ ಕಾಲ ಬರುತ್ತದೆ ಅಂತ. ಐದು ಜನಕ್ಕೆ ಎಷ್ಟು ಲಕ್ಷ ಆಗುತ್ತದೆ ಲೆಕ್ಕ ಹಾಕಿ. ನಮ್ಮ ಹಳ್ಳಿಯ ಪ್ರಾರ್ಥನಾ ಮಂದಿರದ ತಗಡು ಗಾಳಿಗೆ ಹಾರಿ ಎರಡು ಮಳೆಗಾಲ ಆಯಿತು. ಕೂಲಿ ಮಾಡುವ ಜನ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಆರಾಧನೆ ಮಾಡುತ್ತಿದ್ದೇವೆ. ಸಿಟ್ಟಿನಿಂದ ಹೇಳುತ್ತಿಲ್ಲ. ಆದರೆ ಹೇಳದೆ ಇರಲು ಆಗಲಿಲ್ಲ.

ಕ್ಯಾಂಪ್ ನಿವಾಸಿ, ಬೆಳಗಾವಿ

ಬ್ರದರ್, ಒಬ್ಬ ತಂದೆ ಹೆಂಡತಿಗಾಗಿ ಜೀವನಪೂರ್ತಿ ಕೂಡಿಟ್ಟ ದುಡ್ಡು ಅದು. ಬೇರೆಯವರ ಲಕೋಟೆಯ ಲೆಕ್ಕ ನಾವು ಹಾಕಬಾರದು.

ಜಮಖಂಡಿ ಸಹೋದರ

ಅವರ ದುಡ್ಡಿನ ಬಗ್ಗೆ ಅಲ್ಲ ಸರ್. ಯಾತ್ರೆ ಮಾಡಿದರೆ ಪುಣ್ಯ ಅನ್ನುವ ಯೋಚನೆ ನಮ್ಮಲ್ಲೂ ಬಂದುಬಿಡುತ್ತದೆ ಅನ್ನುವ ಭಯ.

ಮೆಥೋಡಿಸ್ಟ್ ಟೀಚರ್, ವಿಜಯಪುರ

ತಮ್ಮಾ, ನಿನ್ನ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಅಧ್ಯಾಯವನ್ನು ಪೂರ್ತಿ ಓದು. ಯೇಸು ಆ ಮಾತು ಹೇಳಿದ್ದು ಯಾಕೋಬನ ಬಾವಿಯ ಕಟ್ಟೆಯ ಮೇಲೆ ಕೂತು, ದಣಿದು, ನೀರು ಕೇಳಿ. ಆ ಬಾವಿ ನಾಬ್ಲಸ್‌ನಲ್ಲಿ ಇವತ್ತಿಗೂ ಇದೆ, ಮೇಲೆ ದೇವಾಲಯ ಕಟ್ಟಿದ್ದಾರೆ. ಕರ್ತನು ಜಾಗವನ್ನು ಬೇಡ ಅನ್ನಲಿಲ್ಲ. ಜಾಗಕ್ಕಾಗಿ ಜಗಳ ಬೇಡ ಅಂದ.

ಲೂಕನ 2ನೇ ಅಧ್ಯಾಯವನ್ನೂ ನೋಡು. ಅವನ ತಂದೆತಾಯಿ ಪ್ರತಿ ವರ್ಷ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರು. 12 ವರ್ಷದವನಾಗಿದ್ದಾಗ ಅವನನ್ನೂ ಕರೆದುಕೊಂಡು ಹೋದರು. ಬಳಗ, ಪರಿಚಯದವರು ಎಲ್ಲ ಸೇರಿ ನಡೆದ ಯಾತ್ರೆ ಅದು. ಮಗ ತಪ್ಪಿಸಿಕೊಂಡು ಮೂರು ದಿನ ಹುಡುಕಿದ ಕಥೆ ಅಲ್ಲೇ ಬರುವುದು. ಕೀರ್ತನೆ 120ರಿಂದ 134ರವರೆಗೆ ಹದಿನೈದೂ ಯಾತ್ರಾಗೀತೆಗಳು. ನಡೆಯುತ್ತಾ ಹಾಡುವ ಹಾಡು. ನವನಗರದವರೇ, ನಿಮ್ಮ ದೊಡ್ಡ ಮಗುವಿಗೆ 12 ಅಂತ ಓದಿದೆ. ಒಂದು ತಿಂಗಳು ಮೊದಲೇ ಮನೆಯಲ್ಲಿ ದಿನಕ್ಕೊಂದು ಯಾತ್ರಾಗೀತೆ ಓದಿಸಿ. ಪಟ್ಟಿಯಲ್ಲಿ ಟಿಕ್ ಹಾಕುವುದಕ್ಕಿಂತ ಅದು ಜಾಸ್ತಿ ಉಳಿಯುತ್ತದೆ.

ಹಿಂಡಲಗಾ ಮಾಮಾ

ಯೊರ್ದನಿನಲ್ಲಿ ಸ್ನಾನ ಮಾಡುವ ಜಾಗ ಇದೆಯಲ್ಲ, ಬಿಳಿ ಅಂಗಿ ಬಾಡಿಗೆಗೆ ಕೊಡುತ್ತಾರೆ, ಅಲ್ಲೇ ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡದ್ದು. ಅದನ್ನು ಮಾತ್ರ ಬಿಡಬೇಡಿ.

ಖಾನಾಪುರದ ಅಕ್ಕ

ಮಾಮಾ, ನೀವು ಹೇಳುತ್ತಿರುವುದು ಯರ್ದೆನಿತ್. ಅದು ಗಲಿಲಾಯ ಕೆರೆಯಿಂದ ಹೊಳೆ ಹೊರಬರುವ ಕಡೆ ಇದೆ, ಯಾತ್ರಿಕರಿಗಾಗಿ ಮಾಡಿದ ಜಾಗ. ಹಿಂದಿನಿಂದ ನಂಬಿಕೊಂಡು ಬಂದದ್ದು ದಕ್ಷಿಣಕ್ಕೆ, ಯೆರಿಕೋ ಹತ್ತಿರ. ಹೊಳೆಯ ಪಶ್ಚಿಮ ದಡ ಕಸ್ರ್ ಅಲ್ ಯಹೂದ್, ಪೂರ್ವ ದಡ ಜೋರ್ಡಾನಿನ ಅಲ್ ಮಗ್ತಾಸ್. ಅಲ್ ಮಗ್ತಾಸ್ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಯೊರ್ದನಿನ ಆಚೆಯ ಬೆಥಾನ್ಯ ಅಂತ ಯೋಹಾನನ ಸುವಾರ್ತೆಯಲ್ಲಿ ಓದುತ್ತೇವಲ್ಲ, ಅದು. ಹೊಳೆ ಅಲ್ಲಿ ನಮ್ಮ ಕಾಲುವೆಯಷ್ಟೇ ಅಗಲ. ಆಚೆ ದಡದಲ್ಲಿ ಹಾಡುವವರ ಮುಖ ಕಾಣುತ್ತದೆ, ನಡುವೆ ಗಡಿ.

ಹಿಂಡಲಗಾ ಮಾಮಾ

ಇಷ್ಟು ವರ್ಷ ನಾನು ತಪ್ಪು ತಿಳಿದುಕೊಂಡಿದ್ದೆ. ಥ್ಯಾಂಕ್ಸ್ ತಂಗಿ.

ಹೊಸ ಬಸ್ ಸ್ಟ್ಯಾಂಡ್

ಯೇಸುವಿನ ಸಮಾಧಿ ಕೂಡ ಎರಡು ಇದೆಯಂತಲ್ಲ? ತೋಟದ ಸಮಾಧಿಯೇ ನಿಜ ಅಂತ ನಮ್ಮ ಪಾಸ್ಟರ್ ಹೇಳುತ್ತಾರೆ. ಹೂವು, ಮರ, ಬಂಡೆಯಲ್ಲಿ ಕೊರೆದ ಗವಿ, ಬೈಬಲ್‌ನಲ್ಲಿ ಇರುವ ಹಾಗೇ ಇದೆ.

ಕ್ಯಾಂಪ್ ನಿವಾಸಿ, ಬೆಳಗಾವಿ

ಇದಕ್ಕೆ ನಾನು ಒಪ್ಪುವುದಿಲ್ಲ. ತೋಟದ ಸಮಾಧಿ ಜನರ ಗಮನಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಆ ಗವಿ ಯೇಸುವಿಗಿಂತ ನೂರಾರು ವರ್ಷ ಹಳೆಯದು ಅನ್ನುವುದು ಉತ್ಖನನ ಮಾಡುವವರ ಮಾತು. ಸುವಾರ್ತೆ ಹೇಳುವುದು ಯಾರನ್ನೂ ಇಟ್ಟಿರದ ಹೊಸ ಸಮಾಧಿ ಅಂತ. ಇನ್ನೊಂದು ಸಮಾಧಿ ಇರುವ ದೊಡ್ಡ ದೇವಾಲಯದ ಜಾಗವನ್ನು 4ನೇ ಶತಮಾನದಿಂದಲೇ ಗೌರವಿಸುತ್ತಿದ್ದಾರೆ. 2016ರಲ್ಲಿ ಅಲ್ಲಿನ ಸಮಾಧಿ ರಿಪೇರಿ ಮಾಡಿದಾಗ ಹಳೆಯ ಗಾರೆಯನ್ನು ಪರೀಕ್ಷೆ ಮಾಡಿದರು. ಅದು ಕ್ರಿ.ಶ. 345ರ ಸುಮಾರಿನದು ಅಂತ ಬಂತು, ಅಂದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಆಸುಪಾಸು.

ಅವನ ತಾಯಿ ಹೆಲೆನಾ ಈ ಯಾತ್ರೆಗೆ ಹೋದಾಗ ವಯಸ್ಸು ಎಂಬತ್ತರ ಹತ್ತಿರ. ನಿಮ್ಮ ಅವ್ವನಿಗೆ ಇನ್ನೂ 72, ಧೈರ್ಯವಾಗಿ ಹೋಗಿ.

ಮೆಥೋಡಿಸ್ಟ್ ಟೀಚರ್, ವಿಜಯಪುರ

ಎರಡಕ್ಕೂ ಹೋಗಿ. ದೊಡ್ಡ ದೇವಾಲಯದಲ್ಲಿ ಆರು ಸಭೆಗಳವರು ಜಾಗ ಹಂಚಿಕೊಂಡಿದ್ದಾರೆ. ಧೂಪ, ಗಂಟೆ, ಸಾಲು, ಗದ್ದಲ. ತೋಟದಲ್ಲಿ ಕಲ್ಲಿನ ಬೆಂಚಿನ ಮೇಲೆ ಕೂತು ಸಮಾಧಾನವಾಗಿ ಪ್ರಾರ್ಥನೆ ಮಾಡಬಹುದು. ಸಿಎಸ್‌ಐ, ಮೆಥೋಡಿಸ್ಟ್ ಕಡೆಯ ನಮಗೆ ಅಲ್ಲಿ ಹಾಡುವುದು ಸಲೀಸು. ಅದು ನಿಜವಾದ ಜಾಗ ಅಂತ ಹಟ ಮಾಡಬೇಕಾಗಿಲ್ಲ. ಅಲ್ಲಿ ಕೂತರೆ ಯೇಸು ಎದ್ದುಬಂದ ಭಾನುವಾರದ ಬೆಳಿಗ್ಗೆ ನೆನಪಾಗುತ್ತದೆ, ನನಗೆ ಅಷ್ಟು ಸಾಕಾಯಿತು.

ನಿವೃತ್ತ ಸುಬೇದಾರ್, ಬೆಳಗಾವಿ

ವಿಷಯ ಸ್ವಲ್ಪ ಬೇರೆ. ಗಲಿಲಾಯದವರೆಗೆ ಹೋದ ಮೇಲೆ ಹೈಫಾಕ್ಕೆ ಅರ್ಧ ದಿನ ಕೊಡಿ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್. ಮಷಿನ್ ಗನ್ ಎದುರಿಗೆ ಕುದುರೆ ಮೇಲೆ, ಭರ್ಜಿ ಹಿಡಿದು ಹೋದವರು. ಅಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಪಡೆಯದು. ಕನ್ನಡ ನಾಡಿನ ಮಕ್ಕಳು ಅಷ್ಟು ದೂರ ಹೋಗಿ ಇದನ್ನು ನೋಡದೆ ಬರಬಾರದು.

ಖಾನಾಪುರದ ಅಕ್ಕ

ಸುಬೇದಾರ್ ಸಾಹೇಬರೇ, ಆ ಸ್ಮಶಾನಕ್ಕೆ ನಾನು ಹೂವು ಒಯ್ದಿದ್ದೇನೆ.

ನಿವೃತ್ತ ಸುಬೇದಾರ್, ಬೆಳಗಾವಿ

ಸೆಲ್ಯೂಟ್ ತಂಗಿ.

ಗೋಕಾಕ ಕರದಂಟು

ಮಕ್ಕಳಿಗೆ ಮೊದಲು ನಮ್ಮ ಕಡೆಯ ಜಾಗ ತೋರಿಸಿ ಅನ್ನುವುದು ನನ್ನ ಅಭಿಪ್ರಾಯ. ಬೆಳಗಾವಿಗೆ ಲಂಡನ್ ಮಿಷನ್‌ನವರು ಬಂದದ್ದು 1820ರಲ್ಲಿ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ಶುರುವಾದದ್ದು 1851ರಲ್ಲಿ. ಕಿಟೆಲ್ ಕನ್ನಡ ಬೈಬಲ್ ಬರೆದದ್ದೂ ಆಗಲೇ ಅಲ್ವಾ?

ಮೆಥೋಡಿಸ್ಟ್ ಟೀಚರ್, ವಿಜಯಪುರ

ಕಿಟೆಲ್ ಅಲ್ಲ. ಕಿಟೆಲ್ ಭಾರತಕ್ಕೆ ಬಂದದ್ದೇ 1853ರಲ್ಲಿ. ಅವರ ದೊಡ್ಡ ಕೆಲಸ ನಿಘಂಟು, ಅದು 1894ರಲ್ಲಿ ಬಂತು. ಪೂರ್ತಿ ಕನ್ನಡ ಬೈಬಲ್ 1831ಕ್ಕೇ ಬಳ್ಳಾರಿಯಲ್ಲಿ ಬಂದಿತ್ತು. ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಮಾಡಿದ್ದು.

ಗೋಕಾಕ ಕರದಂಟು

ತಿದ್ದಿದ್ದಕ್ಕೆ ಧನ್ಯವಾದ ಟೀಚರ್.

ಲೋಂಡಾ ಜಂಕ್ಷನ್

ದುಡ್ಡಿನ ವಿಷಯದಲ್ಲಿ ಹುಷಾರ್. ನಮ್ಮ ಓಣಿಯ ಹನ್ನೊಂದು ಜನ ಒಬ್ಬ ಏಜೆಂಟ್‌ಗೆ ಪೂರ್ತಿ ದುಡ್ಡು ಮೊದಲೇ ಕೊಟ್ಟೆವು. ದಿನಾಂಕ ಮೂರು ಸಲ ಮುಂದೆ ಹೋಯಿತು. ಆಮೇಲೆ 2023ರ ಅಕ್ಟೋಬರ್ 7 ಆಯಿತು, ಯುದ್ಧ ಶುರುವಾಯಿತು. ಅವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ನಮ್ಮ ಅತ್ತಿ ಬಳೆ ಅಡ ಇಟ್ಟು ಕೊಟ್ಟಿದ್ದರು. ಅರ್ಧ ದುಡ್ಡು ಇನ್ನೂ ಬಂದಿಲ್ಲ.

ಅದಕ್ಕೇ ಹೇಳುತ್ತೇನೆ. ಪೂರ್ತಿ ದುಡ್ಡು ಒಂದೇ ಸಲ ಕೊಡಬೇಡಿ. ರದ್ದಾದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಗದು ಬೇಡ, ಬ್ಯಾಂಕ್ ಮೂಲಕವೇ ಕೊಡಿ. ಇನ್ಶೂರೆನ್ಸ್ ಇದೆಯಲ್ಲ ಅಂತ ಸುಮ್ನಿರಬೇಡಿ, ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಯುದ್ಧದಿಂದ ಆದ ನಷ್ಟ ಸೇರುವುದಿಲ್ಲ. ವಿದೇಶಾಂಗ ಸಚಿವಾಲಯ ಮತ್ತು ಅಲ್ಲಿನ ನಮ್ಮ ರಾಯಭಾರ ಕಚೇರಿ ಸೂಚನೆ ಹಾಕುತ್ತಿರುತ್ತವೆ. ಕೊನೆಯ ಕಂತು ಕಟ್ಟುವ ಮುಂಚೆ ಅದನ್ನು ಓದಿ. ಪ್ಯಾಕೇಜ್ ಮೇಲೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಅದನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಪಾವತಿ ಚೀಟಿ ಇಟ್ಟುಕೊಳ್ಳಿ.

ಟಿಳಕವಾಡಿ ಹುಡುಗ

ಇದನ್ನೇ ನಾನು ಮೊದಲು ಹೇಳಿದ್ದು.

ಶಾಪೂರ ವೈನಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ವಯಸ್ಸಾದವರಿಗೆ ಮೂರನೇ ದಿನಕ್ಕೆ ಬಾಯಿ ಕೆಡುತ್ತದೆ.

ಖಾನಾಪುರದ ಅಕ್ಕ

ಹೌದು ವೈನಿ, ರೊಟ್ಟಿ ಒಯ್ಯಲಿ. ಅಲ್ಲಿನ ಊಟವೂ ನಮಗೆ ಒಗ್ಗುತ್ತದೆ. ಕಡಲೆಕಾಳು ರುಬ್ಬಿ ಎಳ್ಳು, ನಿಂಬೆರಸ ಹಾಕಿದ ಹಮ್ಮಸ್, ಬಿಸಿ ರೊಟ್ಟಿ, ಸೌತೆಕಾಯಿ, ಮೊಸರು. ಕೆರೆಯ ದಡದಲ್ಲಿ, ಯೇಸುವಿನ ಶಿಷ್ಯ ಪೇತ್ರನ ಹೆಸರಿನಲ್ಲಿ, ಪೇತ್ರನ ಮೀನು ಅಂತ ಇಡಿಯಾಗಿ ಕರಿದು ಕೊಡುತ್ತಾರೆ. ಅದು ಟಿಲಾಪಿಯಾ, ನಮ್ಮಲ್ಲಿ ಜಿಲೇಬಿ ಅನ್ನುವ ಮೀನು. ಅಕ್ಟೋಬರ್, ನವೆಂಬರ್ ಹವೆ ಚೆನ್ನಾಗಿರುತ್ತದೆ. ಯೆರೂಸಲೇಮ್ ಹೆಚ್ಚು ಕಡಿಮೆ ನಮ್ಮ ಬೆಳಗಾವಿಯಷ್ಟೇ ಎತ್ತರದಲ್ಲಿದೆ, ರಾತ್ರಿ ಸ್ವೆಟರ್ ಬೇಕು. ಅಲ್ಲಿಂದ ಯೆರಿಕೋಗೆ ಇಳಿದರೆ ಸಮುದ್ರ ಮಟ್ಟಕ್ಕಿಂತ 250 ಮೀಟರ್ ಕೆಳಗೆ, ಅಲ್ಲಿ ಸೆಕೆ. ಲವಣಸಮುದ್ರ 430 ಮೀಟರಿಗಿಂತ ಜಾಸ್ತಿ ಕೆಳಗೆ. ಬಿಪಿ ಇರುವ ಅವ್ವ ಆ ನೀರಿಗೆ ಇಳಿಯುವ ಮುಂಚೆ ಡಾಕ್ಟರನ್ನು ಕೇಳಲಿ. ಮಕ್ಕಳ ಕಣ್ಣಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ, ಭಾಳ ಉರಿಯುತ್ತದೆ.

ನವನಗರದ ಮಗ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಜಮಖಂಡಿ ಸಹೋದರರ ಮಾತನ್ನೂ ಓದಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಾನು ಒಂದು ವಿಷಯ ಹೇಳಿರಲಿಲ್ಲ. ಅವ್ವ ಹುಟ್ಟಿದ ಊರು ಘಟಪ್ರಭಾ ದಂಡೆಯಲ್ಲಿತ್ತು. ಆಲಮಟ್ಟಿ ನೀರು ನಿಂತ ಮೇಲೆ ಅದು ಮುಳುಗಿತು. ಜನರಿಗೆ ಬೇರೆ ಕಡೆ ಮನೆ ಸಿಕ್ಕಿತು. ಬೇಸಿಗೆಯಲ್ಲಿ ಒಮ್ಮೆ ಹಿನ್ನೀರು ಭಾಳ ಕೆಳಗೆ ಇಳಿದಿತ್ತು. ಅವ್ವ ನನ್ನನ್ನು ಬೈಕ್ ಮೇಲೆ ಕರೆದುಕೊಂಡು ಹೋದರು. ಒಡೆದ ಕೆಸರಿನಲ್ಲಿ ನಡೆದು ಹೋಗಿ ಒಂದು ಕಡೆ ನಿಂತರು. ಅಲ್ಲಿ ಗೋಡೆ ಇರಲಿಲ್ಲ. ಅಡಿಪಾಯದ ಕಲ್ಲು, ನಡುವೆ ಒಂದು ಒಳಕಲ್ಲು. ನಮ್ಮ ಅಜ್ಜಿ ಖಾರ ಕುಟ್ಟುತ್ತಿದ್ದ ಒಳಕಲ್ಲು. ಕುಳಿ ತುಂಬ ಕೆಸರು ತುಂಬಿ ಒಣಗಿತ್ತು. ಅವ್ವ ಕೂತು ಬೆರಳಿನಿಂದ ಆ ಮಣ್ಣನ್ನು ಕೆರೆದು ಕೆರೆದು ತೆಗೆದರು. ಪೂರ್ತಿ ತೆಗೆದ ಮೇಲೆಯೇ ಎದ್ದರು. ಒಂದು ತಿಂಗಳಲ್ಲಿ ಮತ್ತೆ ನೀರು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ನಿನ್ನೆ ರಾತ್ರಿ ಅವ್ವ ಹೇಳಿದ್ದು: "ಆ ಹುಡುಗ ಹೇಳಿದ್ದು ಖರೆ, ದೇವರು ಎಲ್ಲಾ ಕಡೆ ಇದ್ದಾನ. ನಾನು ದೇವರನ್ನ ಹುಡುಕಾಕ ಹೊಂಟಿಲ್ಲ. ಅವನು ನಡೆದಾಡಿದ ದಂಡಿ ಇನ್ನೂ ಐತಂತ ಕಣ್ಣಾರೆ ನೋಡಬೇಕು." ಇಷ್ಟೇ ಹೇಳಿ ಮಲಗಲು ಹೋದರು.

ಜಮಖಂಡಿ ಸಹೋದರ

ಅವ್ವನವರಿಗೆ ನನ್ನ ವಂದನೆ ಹೇಳಿ. ಸಭೆಯ ದುಡ್ಡು, ಯಾತ್ರೆಯ ದುಡ್ಡು ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಇದನ್ನು ಓದಿದ ಮೇಲೆ ಹೋಗಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಗುಮ್ಮಟದ ನೆರಳು, ವಿಜಯಪುರ

ನಮ್ಮ ಅಮ್ಮಿಯ ತವರೂ ಹಾಗೇ ನೀರಿಗೆ ಹೋಯಿತು. ಓದಿ ಗಂಟಲು ಕಟ್ಟಿತು.

ಇತಿಹಾಸದ ಮೇಷ್ಟ್ರು, ಮುಧೋಳ

ನವನಗರದವರೇ, ನಿಮ್ಮ ಅವ್ವನಿಗೆ ತೋರಿಸಲೇಬೇಕಾದ ಒಂದು ವಸ್ತು ಗಲಿಲಾಯದ ದಡದಲ್ಲಿದೆ. ಪ್ಯಾಕೇಜ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

1986ರಲ್ಲಿ ಅಲ್ಲಿ ಬರ. ಕೆರೆಯ ನೀರು ಭಾಳ ಕೆಳಗೆ ಇಳಿಯಿತು. ದಡದ ಗಿನೋಸಾರ್ ಅನ್ನುವ ಊರಿನ ಇಬ್ಬರು ಅಣ್ಣತಮ್ಮ, ಮೀನು ಹಿಡಿಯುವವರು, ಒಣಗಿದ ತಳದಲ್ಲಿ ನಡೆಯುತ್ತಿದ್ದರು. ಕೆಸರಿನಲ್ಲಿ ಮರದ ಅಂಚು ಕಂಡಿತು. ಅಗೆದು ನೋಡಿದರೆ ದೋಣಿ. ಸುಮಾರು 2,000 ವರ್ಷ ಹಳೆಯದು. ಉದ್ದ 8 ಮೀಟರಿಗಿಂತ ಸ್ವಲ್ಪ ಜಾಸ್ತಿ. ಗಾಳಿ ತಾಗಿದರೆ ಮರ ಒಣಗಿ ಪುಡಿಯಾಗುತ್ತದೆ, ನೀರು ಮತ್ತೆ ಏರಿದರೆ ಮುಳುಗುತ್ತದೆ. ಹಗಲು ರಾತ್ರಿ ಕೆಲಸ ಮಾಡಿ, ಸುತ್ತ ಫೋಮ್ ಸುರಿದು ಗಟ್ಟಿ ಮಾಡಿ, ಅದನ್ನು ನೀರಿನ ಮೇಲೆ ತೇಲಿಸಿಕೊಂಡೇ ತಂದರು. ಆಮೇಲೆ ವರ್ಷಗಟ್ಟಲೆ ಮೇಣದಂಥ ದ್ರಾವಣದ ತೊಟ್ಟಿಯಲ್ಲಿ ನೆನೆಸಿಟ್ಟರು. ಈಗ ಅಲ್ಲೇ ಗಿನೋಸಾರ್‌ನ ಮ್ಯೂಸಿಯಂನಲ್ಲಿದೆ.

ಅದು ಪೇತ್ರನ ದೋಣಿ ಅಂತ ಯಾರೂ ಹೇಳುವುದಿಲ್ಲ, ನೀವೂ ಮಕ್ಕಳಿಗೆ ಹಾಗೆ ಹೇಳಬೇಡಿ. ಆದರೆ ಆ ಕಾಲದ, ಆ ಕೆರೆಯ ಬಡ ಮೀನುಗಾರರ ದೋಣಿ. ಹನ್ನೆರಡು ಬಗೆಯ ಮರದ ತುಂಡು ಅದರಲ್ಲಿದೆ. ಒಂದು ಹಲಗೆ ಹೋದರೆ ಕೈಗೆ ಸಿಕ್ಕ ಇನ್ನೊಂದು ಮರ ಹೊಂದಿಸಿ, ತೇಪೆ ಹಾಕಿ ಹಾಕಿ ಬಳಸಿದ್ದಾರೆ. ನೀರು ಇಳಿದಾಗ ಮಾತ್ರ ಕಾಣಿಸಿದ್ದು ಅದು, ನಿಮ್ಮ ಅವ್ವನ ಒಳಕಲ್ಲಿನ ಹಾಗೆ.

ಮೆಥೋಡಿಸ್ಟ್ ಟೀಚರ್, ವಿಜಯಪುರ

ಮೇಷ್ಟ್ರೇ, ಇದು ನನಗೂ ಗೊತ್ತಿರಲಿಲ್ಲ. ನಾವು ಹೋದಾಗ ಬಸ್ಸಿನಿಂದ ಇಳಿಸಲೇ ಇಲ್ಲ.

ಖಾನಾಪುರದ ಅಕ್ಕ

ಕೆರೆಯ ಮೇಲೆ ಯಾತ್ರಿಕರ ದೋಣಿಗಳು ಓಡಾಡುತ್ತವೆ, ಗಿನೋಸಾರ್ ಹತ್ತಿರದಿಂದಲೂ ಸಿಗುತ್ತವೆ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು. ಬೇಗ ಹೋಗಿ, ಮಧ್ಯಾಹ್ನ ಗಾಳಿ ಏಳುತ್ತದೆ. ಕೆರೆ ಚಿಕ್ಕದಾದರೂ ಸುತ್ತ ಗುಡ್ಡ ಇರುವುದರಿಂದ ಗಾಳಿ ಒಮ್ಮೆಲೇ ಇಳಿಯುತ್ತದೆ. ಬಿರುಗಾಳಿಯಲ್ಲಿ ಯೇಸುವಿನ ಶಿಷ್ಯರು ಯಾಕೆ ಹೆದರಿದರು ಅಂತ ನನಗೆ ಆ ದೋಣಿಯಲ್ಲಿ ಕೂತಾಗ ಗೊತ್ತಾಯಿತು.

ಜಮಖಂಡಿ ಸಹೋದರ

ಒಂದು ಕೇಳಿಕೆ. ಅವ್ವನವರು ಹೋಗುವ ಮೊದಲು ಒಂದು ಭಾನುವಾರ ನಮ್ಮ ಹಳ್ಳಿಗೆ ಬಂದು ಮಕ್ಕಳಿಗೆ ಆ ಮಾವಿನಕಾಯಿ, ಬದನೆಕಾಯಿ ನಕ್ಷೆ ಬರೆದು ತೋರಿಸುತ್ತಾರಾ? ನಮ್ಮಲ್ಲಿ ಹಲಗೆ ಇದೆ. ಮಳೆ ಇಲ್ಲದ ಭಾನುವಾರ ನೋಡಿ ಕರೆಯುತ್ತೇನೆ.

ನವನಗರದ ಮಗ

ಅವ್ವ ಬರುತ್ತಾರಂತೆ. ನೀಲಿ ಸೀಮೆಸುಣ್ಣ ತರಲು ಹೇಳಿದ್ದಾರೆ, ನಿಮ್ಮಲ್ಲಿ ಇದ್ದರೆ ತಿಳಿಸಿ.

ನಾವು ತೀರ್ಮಾನ ಮಾಡಿದ್ದು ಇಷ್ಟು. ಈಜಿಪ್ಟ್ ಇಲ್ಲ, ಜೋರ್ಡಾನಿನಲ್ಲಿ ಸುತ್ತಾಟ ಇಲ್ಲ. ಗಲಿಲಾಯದಲ್ಲಿ ಮೂರು ರಾತ್ರಿ, ಯೆರೂಸಲೇಮಿನಲ್ಲಿ ನಾಲ್ಕು. ದಿನಕ್ಕೆ ಎರಡೇ ಜಾಗ. ಇಷ್ಟಕ್ಕೆ ಒಪ್ಪುವ ಏಜೆಂಟ್ ಸಿಗುವವರೆಗೆ ಹುಡುಕುತ್ತೇವೆ. ಅಕ್ಟೋಬರ್ ರಜೆಯ ಹೊತ್ತಿಗೆ ಅಲ್ಲಿ ಶಾಂತವಾಗಿದ್ದರೆ ಹೋಗುವುದು, ಇಲ್ಲದಿದ್ದರೆ ಎಫ್‌ಡಿ ಮುರಿಸುವುದಿಲ್ಲ, ಕಾಯುತ್ತೇವೆ. ಸಂಜೆ ನಡಿಗೆ ಇವತ್ತಿನಿಂದ ಶುರು. ಸೆಕ್ಟರ್ ಪಾರ್ಕಿನಲ್ಲಿ ಒಂದು ಸುತ್ತು ಆಯಿತು.

ಮೇಷ್ಟ್ರ ದೋಣಿಯ ವಿಷಯ ಓದಿ ಹೇಳಿದ ಮೇಲೆ ಅವ್ವ ಹಳೆಯ ಕ್ಯಾಲೆಂಡರ್ ಹಾಳೆ ತಿರುಗಿಸಿ ಹಿಂದುಗಡೆ ನಕ್ಷೆ ಬರೆದರು. ಮಾವಿನಕಾಯಿಯ ಎಡಗಡೆ, ತೊಟ್ಟಿಗೆ ಸ್ವಲ್ಪ ಕೆಳಗೆ ಒಂದು ಚುಕ್ಕೆ ಇಟ್ಟು ನನ್ನ ಮಗಳ ಕೈಯಲ್ಲಿ ಗಿನೋಸಾರ್ ಅಂತ ಬರೆಸಿದರು. ನಲವತ್ತು ವರ್ಷದಲ್ಲಿ ಆ ನಕ್ಷೆಗೆ ಸೇರಿದ ಮೊದಲ ಹೊಸ ಹೆಸರಂತೆ.

ಈಗ ಒಂದೇ ತೊಡಕು. ಅವ್ವನ ಆಧಾರ್‌ನಲ್ಲಿ ಒಂದು ಹೆಸರು, ಪೆನ್ಷನ್ ಪುಸ್ತಕದಲ್ಲಿ ತವರಿನ ಹೆಸರು. ಪಾಸ್‌ಪೋರ್ಟ್ ಅರ್ಜಿಗೆ ಯಾವುದು ಹಾಕಬೇಕು, ಯಾರಾದರೂ ಮಾಡಿಸಿದವರು ಇದ್ದೀರಾ?

ಲೋಂಡಾ ಜಂಕ್ಷನ್

ನಮ್ಮ ಅತ್ತಿಯದೂ ಇದೇ ಕೇಸ್. ಮೊದಲು ಎರಡೂ ಕಡೆ ಹೆಸರು ಒಂದೇ ಮಾಡಿಸಿ, ಆಮೇಲೆ ಅರ್ಜಿ ಹಾಕಿ. ನಾಳೆ ಫೋನ್ ಮಾಡಿ, ನಾವು ಕೊಟ್ಟ ಕಾಗದಗಳ ಪಟ್ಟಿ ಕಳಿಸುತ್ತೇನೆ.